ಹಣ ಒಳಗೆ, ಅಕ್ಕಿ ಹೊರಗೆ

ಉಡುಪಿಯಲ್ಲಿ ನಮ್ಮ ಮಾವನದ್ದು ಜಿನಸಿ ಅಂಗಡಿ. ಸ್ಟಾಕ್ ಲೆಕ್ಕಕ್ಕೆ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ವೇರಿಯೇಬಲ್, ಅಂದರೆ ಒಂದೊಂದು ಲೆಕ್ಕ ಇಡುವ ಡಬ್ಬಿಗಳ ಹೆಸರುಗಳು ಕನ್ನಡದಲ್ಲೇ ಇರಲಿ ಅಂತ ಆಸೆ. ಒಂದು ಕಡೆ ‘ಕುಚ್ಚಲಕ್ಕಿ’ ಅಂತ ಬರೆದೆ, ಮಾರಿದ್ದನ್ನು ಕಳೆದು ಉಳಿದದ್ದನ್ನು ಇಡುವ ಕಡೆ ‘ಕುಚ್ಚಿಲಕ್ಕಿ’ ಅಂತ. ಪೈಥಾನ್ ತಕರಾರು ಮಾಡಲಿಲ್ಲ. ಇದು ಬೇರೆ ಹೆಸರು ಅಂದುಕೊಂಡು ಸುಮ್ನೆ ಮುಂದೆ ಹೋಯಿತು. ಎಷ್ಟು ಮೂಟೆ ಮಾರಿದರೂ ಸ್ಟಾಕ್ ಇಳಿಯಲೇ ಇಲ್ಲ. ‘ಇದೇನು ಅಕ್ಷಯಪಾತ್ರೆಯಾ ಮಾರಾಯಾ?’ ಅಂದರು ಮಾವ.

ಅದು ನನ್ನದೇ ತಪ್ಪು. ಆದರೆ ‘ರ‍್ಯಾಕ್’ ಅಂತ ಹೆಸರಿಟ್ಟಾಗ ಬಂದ ಎರರ್ ನನ್ನ ತಪ್ಪಲ್ಲ. ಅದರ ಬೇರು ಹಳೆಯದು.

ಪ್ರೋಗ್ರಾಮಿನಲ್ಲಿ ಹೆಸರಿಡುವ ಕೆಲವು ನಿಯಮಗಳು ಹುಟ್ಟಿದ್ದೇ ಜಾಗದ ಕೊರತೆಯಿಂದ. 1957ರ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್‌ನಲ್ಲಿ ಒಂದು ಹೆಸರಿಗೆ ಆರೇ ಅಕ್ಷರ. ಅದು ಓಡುತ್ತಿದ್ದ ಐಬಿಎಂ 704 ಯಂತ್ರದಲ್ಲಿ ಒಂದು ವರ್ಡ್ (ಯಂತ್ರ ಒಮ್ಮೆಗೆ ಹಿಡಿಯುವ ತುಣುಕು) ಅಂದರೆ 36 ಬಿಟ್ (0 ಅಥವಾ 1), ಒಂದು ಅಕ್ಷರಕ್ಕೆ 6 ಬಿಟ್, ಆರಕ್ಕೆ ಭರ್ತಿ. ಜೊತೆಗೆ, ಹೆಸರು ಇಂಗ್ಲಿಷಿನ ‘ಐ’ಯಿಂದ ‘ಎನ್’ವರೆಗಿನ ಅಕ್ಷರದಲ್ಲಿ ಶುರುವಾದರೆ ಅದು ಪೂರ್ಣಾಂಕ. ಇವತ್ತಿಗೂ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ) ಅಂದ ಕೂಡಲೇ ಕೈ ‘ಐ’, ‘ಜೆ’ ಅಂತ ಬರೆಯುತ್ತದೆ, ಅಲ್ವಾ? ಹೆಸರಿನ ಪದಗಳನ್ನು ಜೋಡಿಸುವ ಅಂಡರ್‌ಸ್ಕೋರ್ (_) ಕೂಡ ಮೊದಲಿನಿಂದ ಇದ್ದದ್ದಲ್ಲ. ಕಂಪ್ಯೂಟರಿನ ಇಂಗ್ಲಿಷ್ ಅಕ್ಷರಗಳ ಸಂಕೇತ ಪಟ್ಟಿಯಾದ 1963ರ ಆಸ್ಕಿಯಲ್ಲಿ ಆ ಜಾಗದಲ್ಲಿ ಎಡಬಾಣವಿತ್ತು, 1967ರಲ್ಲಿ ಬದಲಾಯಿತು.

ಇಂಗ್ಲಿಷ್ ಆಚೆಗಿನ ಅಕ್ಷರಗಳಿಗೆ ಜಾವಾ ಭಾಷೆ 1990ರ ದಶಕದಲ್ಲೇ ಬಾಗಿಲು ತೆರೆದಿತ್ತು. ಪೈಥಾನ್‌ನಲ್ಲಿ ಆ ಪ್ರಸ್ತಾವ ಬಂದದ್ದು 2007ರಲ್ಲಿ, ಜಾರಿಯಾದದ್ದು 2008ರ 3.0 ಆವೃತ್ತಿಯಲ್ಲಿ. 2009ರಲ್ಲಿ ಹೊರಬಂದ ಗೋ ಭಾಷೆಯೂ ಯೂನಿಕೋಡ್ (ಎಲ್ಲ ಲಿಪಿಗಳ ಸಂಕೇತ ಪಟ್ಟಿ) ಅಕ್ಷರ ಒಪ್ಪುತ್ತದೆ, ಆದರೆ ಬರೀ ಅಕ್ಷರ. ಒತ್ತು, ಗುಣಿತದ ಚಿಹ್ನೆಗಳು ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ! ‘ಹಣ’, ‘ದರ’ ನಡೆಯುತ್ತದೆ, ‘ಅಕ್ಕಿ’ ನಡೆಯುವುದಿಲ್ಲ. ಸಾಲದ್ದಕ್ಕೆ, ಪ್ರೋಗ್ರಾಮಿನ ಬೇರೆ ಭಾಗಕ್ಕೆ, ಅಂದರೆ ಬೇರೆ ಪ್ಯಾಕೇಜ್‌ಗೆ ಕಾಣಬೇಕಾದ ಹೆಸರು ದೊಡ್ಡಕ್ಷರದಲ್ಲಿ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡ ‘ಕ’, ಸಣ್ಣ ‘ಕ’ ಎಲ್ಲಿಂದ ತರುವುದು?

ಪೈಥಾನ್ ಇಷ್ಟು ಬಿಗಿಯಲ್ಲ. ಒತ್ತು, ಗುಣಿತ ಎಲ್ಲವೂ ಸರಿ. ‘ರ‍್ಯಾಕ್’ ಸಿಕ್ಕಿಬಿದ್ದದ್ದು ಬೇರೆ ಕಡೆ. ‘ರ’ಕ್ಕೆ ಕೆಳಗೆ ಯ-ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರಬೇಕು. ಹೆಸರಿನೊಳಗೆ ಅಂಥದ್ದನ್ನು ಪೈಥಾನ್ ಬಿಡುವುದಿಲ್ಲ. ಕಾಣದ ಚಿಹ್ನೆ ಬಿಟ್ಟರೆ ನೋಡಲು ಒಂದೇ ಥರದ ಎರಡು ಹೆಸರು ಹುಟ್ಟಬಹುದಲ್ಲ, ನನ್ನ ಕುಚ್ಚಲಕ್ಕಿಗಿಂತ ದೊಡ್ಡ ತಲೆನೋವು. ಹಾಗಂತ ತೆಗೆದುಹಾಕಿದರೆ ಅರ್ಕಾವೊತ್ತು ಬಂದು ‘ರ್ಯಾಕ್’ ಆಗುತ್ತದೆ, ‘ಸೂರ್ಯ’ದ ಬಾಲದ ಹಾಗೆ. ಪ್ರೋಗ್ರಾಂ ಓಡುತ್ತದೆ, ಓದುವವರು ಎಡವುತ್ತಾರೆ.

ಕೊನೆಗೆ ‘ಕಪಾಟು’ ಅಂತ ಬದಲಿಸಿದೆ. ಮಾವನ ಅಂಗಡಿಯಲ್ಲಿ ಅದನ್ನು ಯಾರೂ ಕಪಾಟು ಅನ್ನುವುದಿಲ್ಲ.