ದಿನಾ ವಾಕಿಂಗ್ ಹೋದರೂ ತಲೆನೋವಿನ ಮಾತ್ರೆ ಯಾಕೆ ಬಿಡ್ತಿಲ್ಲ?

ಪ್ರಶ್ನೆ: ಎರಡು ತಿಂಗಳಿಂದ ವಾಕಿಂಗ್ ಹೋಗ್ತಿದ್ದೇನೆ. ಆದರೂ ಹೆಚ್ಚುಕಮ್ಮಿ ದಿನಾ ತಲೆನೋವು, ದಿನಾ ಒಂದು ಮಾತ್ರೆ. ನನಗೆ ವ್ಯಾಯಾಮ ಆಗಿಬರಲ್ವಾ?

ಉತ್ತರ: ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಇದೇ. ಎಲ್ಲರಿಗೂ ವಾಕಿಂಗ್ ಮೇಲೇ ಅನುಮಾನ. ಮಾತ್ರೆ ಮೇಲೆ ಒಬ್ಬರಿಗೂ ಇಲ್ಲ!

ವಾಕಿಂಗ್ ವಿಚಾರ ಬೇಗ ಮುಗಿಸೋಣ. ಸ್ವೀಡನ್ನಿನಲ್ಲಿ ಮೈಗ್ರೇನ್ ಇದ್ದ 91 ಜನರನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2011ರಲ್ಲಿ ಬಂತು. ಒಂದು ಗುಂಪಿಗೆ ವಾರಕ್ಕೆ ಮೂರು ಸಲ 40 ನಿಮಿಷ ವ್ಯಾಯಾಮ, ಒಂದಕ್ಕೆ ಮೈ ಸಡಿಲಿಸುವ ಅಭ್ಯಾಸ, ಇನ್ನೊಂದಕ್ಕೆ ಮೈಗ್ರೇನ್ ಬಾರದಂತೆ ತಡೆಯಲು ಕೊಡುವ ಟೋಪಿರಮೇಟ್ ಮಾತ್ರೆ. ಮೂರು ತಿಂಗಳಲ್ಲಿ ಮೂರೂ ಗುಂಪಿನವರಿಗೆ ಹೆಚ್ಚುಕಮ್ಮಿ ಒಂದೇ ಥರ ಗುಣ ಕಂಡಿತು. ಅಡ್ಡಪರಿಣಾಮ ಮಾತ್ರ ಮಾತ್ರೆಯವರ ಪಾಲಿಗೆ. ಹಾಗಂತ ಮೈಗ್ರೇನ್ ಎದ್ದಿರುವಾಗ ಶೂ ಹಾಕಿಕೊಂಡು ಹೊರಡಬೇಡಿ. ಆಗ ಮೆಟ್ಟಿಲು ಹತ್ತಿದರೂ ನೋವು ಏರುತ್ತದೆ, ಅದು ಆ ಕಾಯಿಲೆಯ ಲಕ್ಷಣವೇ. ವ್ಯಾಯಾಮ ಏನಿದ್ದರೂ ನೋವಿಲ್ಲದ ಹೊತ್ತಿಗೆ.

ಈಗ ಅಸಲಿ ವಿಷಯ. ‘ಬರೀ ಪ್ಯಾರಾಸಿಟಮಾಲ್ ಅಲ್ವಾ, ಮಕ್ಕಳಿಗೂ ಕೊಡ್ತಾರೆ, ಏನಾಗುತ್ತೆ?’

ತಲೆನೋವೇ ಆಗುತ್ತೆ. ಎಷ್ಟು ಸಲ ಹೇಳಿದರೂ ಜನ ನಂಬಲ್ಲ. ಕಿಡ್ನಿ ಹೋಗುತ್ತೆ ಅಂದರೆ ನಂಬುತ್ತಾರೆ, ಲಿವರ್ ಅಂದರೂ ನಂಬುತ್ತಾರೆ. ತಲೆನೋವಿನ ಮಾತ್ರೆಯಿಂದಲೇ ತಲೆನೋವು ಅಂದರೆ ನಗುತ್ತಾರೆ. ಆದರೆ ವೈದ್ಯರ ಪುಸ್ತಕದಲ್ಲಿ ಇದಕ್ಕೆ ‘ಔಷಧ ಅತಿಬಳಕೆಯ ತಲೆನೋವು’ ಅಂತ ಪ್ರತ್ಯೇಕ ಹೆಸರಿದೆ, ಲೆಕ್ಕವೂ ಇದೆ. ಮೂರು ತಿಂಗಳಿಗಿಂತ ಜಾಸ್ತಿ ಕಾಲ, ತಿಂಗಳಿಗೆ 15 ದಿನ ಅಥವಾ ಹೆಚ್ಚು ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥದ್ದನ್ನು ನುಂಗಿದರೆ ಅದು ಅತಿಬಳಕೆ. ಒಂದಕ್ಕಿಂತ ಹೆಚ್ಚು ಔಷಧ ಬೆರೆಸಿದ ಮಾತ್ರೆಯಾದರೆ ತಿಂಗಳಿಗೆ 10 ದಿನಕ್ಕೇ ಗಡಿ ದಾಟಿದಂತೆ. ಸ್ಯಾರಿಡಾನ್ ಪಟ್ಟಿಯ ಹಿಂಭಾಗ ಓದಿ ನೋಡಿ: ಪ್ರೊಪಿಫಿನಜೋನ್, ಪ್ಯಾರಾಸಿಟಮಾಲ್, ಜೊತೆಗೆ ಕೆಫೀನ್.

ಗಮನಿಸಿ, ಲೆಕ್ಕ ದಿನಗಳದ್ದು, ಮಾತ್ರೆಗಳದ್ದಲ್ಲ. ‘ಅರ್ಧ ಮುರಿದು ತಗೋತೀನಿ’ ಅನ್ನೋರಿಗೂ ಆ ದಿನ ಒಂದು ದಿನವೇ.

ತಕ್ಷಣ ಬರುವ ವಾದವೂ ಗೊತ್ತು. ‘ನಮ್ಮತ್ತೆ ಮಂಡಿನೋವಿಗೆ ವರ್ಷಗಟ್ಟಲೆ ನುಂಗ್ತಿದಾರೆ, ಅವರಿಗೇನೂ ಆಗಿಲ್ಲ.’ ಆಗೋದು ಅಪರೂಪವೇ, ಯಾಕೆಂದರೆ ಅವರಿಗೆ ಮೊದಲಿಂದ ತಲೆನೋವಿನ ಕಾಟ ಇಲ್ಲ. ಈ ಬಲೆಗೆ ಬೀಳೋದು ಹೆಚ್ಚಾಗಿ ತಲೆನೋವಿನವರೇ. ಪದೇಪದೇ ಮಾತ್ರೆ ಬಿದ್ದರೆ ಅವರ ಮಿದುಳು ನೋವಿಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮಾತ್ರೆ ಇಳಿದಂತೆ ನೋವು ಏಳುತ್ತದೆ, ಮತ್ತೆ ಮಾತ್ರೆ. ನಾರ್ವೆಯಲ್ಲಿ 11 ವರ್ಷದ ಅಂತರದಲ್ಲಿ ಅದೇ ಜನರನ್ನು ಮತ್ತೆ ವಿಚಾರಿಸಿದಾಗ, ಮೈ ಅಲುಗಿಸದೆ ಕೂತವರಲ್ಲಿ ಈ ತೊಂದರೆ ಜಾಸ್ತಿ ಕಂಡಿತ್ತು. ನಿಮ್ಮ ವಾಕಿಂಗ್ ದಂಡ ಅಲ್ಲ. ಆದರೆ ದಿನಾ ಮಾತ್ರೆ ಬೀಳುತ್ತಿದ್ದರೆ ವಾಕಿಂಗಿನ ಗುಣ ಗೊತ್ತಾಗೋದಾದರೂ ಹೇಗೆ?

ಗೋಡೆ ಕ್ಯಾಲೆಂಡರಿನಲ್ಲಿ ಮಾತ್ರೆ ತಗೊಂಡ ದಿನಕ್ಕೆ ಗೀಟು ಹಾಕಿ, ಅದನ್ನೇ ಡಾಕ್ಟರಿಗೆ ತೋರಿಸಿ. ಅವರು ಮಾತ್ರೆ ಬಿಡಿಸುವಾಗ ಮೊದಲ ವಾರ ಹತ್ತು ದಿನ ನೋವು ಏರಬಹುದು. ‘ನೋಡಿದ್ರಾ, ಮಾತ್ರೆ ಬೇಕೇ ಬೇಕು’ ಅಂತ ಜನ ಸೋಲೋದು ಇಲ್ಲೇ. ಟ್ರಮಡಾಲ್‌ನಂಥ ಅಫೀಮು ಜಾತಿಯ ನೋವಿನ ಮಾತ್ರೆ ತಗೊಳ್ಳುವವರು ಮಾತ್ರ ಸ್ವಂತ ಬುದ್ಧಿಯಿಂದ ದಿಢೀರ್ ನಿಲ್ಲಿಸಬೇಡಿ. ಓಡುವಾಗ, ಭಾರ ಎತ್ತುವಾಗ ಸಿಡಿಲು ಬಡಿದಂಥ ತಲೆನೋವು ಬಂದರೆ ಸೀದಾ ಆಸ್ಪತ್ರೆಗೆ.

ಯಾರೂ ಕೇಳದಿದ್ದರೂ ಕಾಫಿ ಬಗ್ಗೆ ಒಂದು ಮಾತು. ಏಕಾದಶಿ ಉಪವಾಸಕ್ಕೆ ತಲೆ ಸಿಡಿಯುತ್ತೆ, ಭಾನುವಾರ ತಡವಾಗಿ ಎದ್ದರೆ ಸಿಡಿಯುತ್ತೆ ಅನ್ನೋರಲ್ಲಿ ಹಲವರಿಗೆ ಕಾರಣ ಹಸಿವಲ್ಲ, ನಿದ್ದೆಯಲ್ಲ. ಕಾಫಿ ತಪ್ಪಿದ್ದು. ಸಾಮಾನ್ಯವಾಗಿ ಕೊನೆಯ ಲೋಟ ಕುಡಿದ 12ರಿಂದ 24 ಗಂಟೆಯಲ್ಲಿ ನೋವು ಶುರುವಾಗುತ್ತದೆ. ಅದಕ್ಕೆ ಕೆಫೀನ್ ಇರುವ ಮಾತ್ರೆ ನುಂಗಿದರೆ ತಕ್ಷಣ ಹಾಯೆನಿಸುತ್ತೆ, ಕಾಫಿಯೇ ಮಾತ್ರೆಯಾಗಿ ಬಂತಲ್ಲ! ಕಾಫಿ ಬಿಡಬೇಕೆಂದಿದ್ದರೆ ಒಂದೇ ಸಲ ಬೇಡ, ಕೆಲವು ದಿನಕ್ಕೊಮ್ಮೆ ಅರ್ಧ ಲೋಟ ಇಳಿಸುತ್ತಾ ಬನ್ನಿ.