ಹೋದ ದುಡ್ಡಿನ ಬೆನ್ನು ಹತ್ತುವವರು

ಜುಲೈ ಬಂದರೆ ಮುಂಬಯಿ ಮಾಟುಂಗದ ನನ್ನ ಲೆಕ್ಕ ಪರಿಶೋಧನೆಯ ಕಚೇರಿಗೆ ಕುದುರೆ ರೇಸ್ ಆಡುವ ಕಕ್ಷಿದಾರರು ಎರಡು ಕಾರಣಕ್ಕೆ ಬರುತ್ತಾರೆ. ಒಂದು, ಆದಾಯ ತೆರಿಗೆ ರಿಟರ್ನಿನ ಗಡುವು. ಇನ್ನೊಂದು, ಮಹಾಲಕ್ಷ್ಮಿ ರೇಸ್ ಕೋರ್ಸಿನ ಋತು ಮುಗಿದು ಪುಣೆಯ ಋತು ಶುರುವಾಗುವ ಹೊತ್ತಿಗೆ ಹಳೆಯ ನಷ್ಟವನ್ನು ಯಾರ ಮುಂದಾದರೂ ಹೇಳಿಕೊಂಡು ಹಗುರಾಗಬೇಕೆಂಬ ಆಸೆ. ಹೆಚ್ಚಿನವರು ಹೋಟೆಲಿನವರು, ಕ್ಯಾಂಟೀನಿನವರು, ಬ್ಯಾಂಕಿನಿಂದ ನಿವೃತ್ತರಾದವರು. ಕೇಳುವ ಪ್ರಶ್ನೆ ಮಾತ್ರ ಒಂದೇ: "ಸಾರ್, ಒಟ್ಟು ಲೆಕ್ಕದಲ್ಲಿ ನಾನು ಸೋತವನು. ಹಾಗಿದ್ದ ಮೇಲೆ ಅವರು ಹಿಡಿದುಕೊಂಡ ತೆರಿಗೆ ವಾಪಸ್ ಬರಬೇಕಲ್ಲ?"

ಬರುವುದಿಲ್ಲ. ಕಳೆದ ವರ್ಷವೂ ಬರಲಿಲ್ಲ, ಮುಂದಿನ ವರ್ಷವೂ ಬರುವುದಿಲ್ಲ.

ಕಾನೂನು ನಿಮ್ಮ ಇಡೀ ಋತುವನ್ನು ನೋಡುವುದಿಲ್ಲ, ಗೆದ್ದ ಟಿಕೆಟನ್ನು ನೋಡುತ್ತದೆ. ಋತುವಿಡೀ ಸೋತ ಟಿಕೆಟುಗಳಲ್ಲಿ 60,000 ರೂಪಾಯಿ ಹೋಯಿತು, ಒಂದು ದಿನ ಜಾಕ್‌ಪಾಟಿನಲ್ಲಿ 40,000 ಬಂತು ಎಂದಿಟ್ಟುಕೊಳ್ಳಿ. ನಿಮ್ಮ ಮನಸ್ಸಿನ ಲೆಕ್ಕದಲ್ಲಿ ನಷ್ಟ 20,000. ಆದರೆ ಒಂದೇ ಪಾವತಿಯಲ್ಲಿ ಗೆಲುವು 10,000 ದಾಟಿದರೆ ಕೌಂಟರಿನಲ್ಲೇ ಶೇ 30ರಷ್ಟು ತೆರಿಗೆ ಕಡಿತವಾಗುತ್ತದೆ. 40,000ದಲ್ಲಿ 12,000 ಅಲ್ಲೇ ಹೋಯಿತು, ಕೈಗೆ ಬಂದದ್ದು 28,000. ರಿಟರ್ನ್ ಹಾಕುವಾಗ ಅದರ ಮೇಲೆ ಸೆಸ್ಸು ಬೇರೆ. ಸೋತ 60,000ವನ್ನು ಗೆದ್ದ 40,000ದಿಂದ ಕಳೆಯಲು ಅವಕಾಶವಿಲ್ಲ. ನಿಮ್ಮ ಉಳಿದ ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೂ ಈ ಗೆಲುವಿಗೆ ಆ ರಿಯಾಯಿತಿ ಸಿಗುವುದಿಲ್ಲ. ಆದ್ದರಿಂದ ನಿಜವಾದ ನಷ್ಟ 32,000 ಮತ್ತು ಚಿಲ್ಲರೆ. ಕಡಿತವಾಗದ ಸಣ್ಣ ಗೆಲುವುಗಳೂ ತೆರಿಗೆಗೆ ಒಳಪಟ್ಟವೇ. ಕೌಂಟರಿನಲ್ಲಿ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ಅವು ಲೆಕ್ಕದಿಂದ ಹೊರಗೆ ಉಳಿಯುವುದಿಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಒಬ್ಬರು ಮೊಬೈಲ್ ತೆಗೆದು ತೋರಿಸುತ್ತಾರೆ: "ಕುದುರೆಯ ನಷ್ಟವನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದಂತೆ, ಇಲ್ಲಿ ಬರೆದಿದೆ ನೋಡಿ." ಬರೆದದ್ದು ಸರಿಯೇ. ಆದರೆ ಅದು ರೇಸ್ ಕುದುರೆಯನ್ನು ಸ್ವಂತಕ್ಕೆ ಇಟ್ಟು ಸಾಕುವವರಿಗೆ. ಹುರುಳಿ, ಲಾಯ, ಜಾಕಿ, ತರಬೇತುದಾರ, ಇವೆಲ್ಲ ಖರ್ಚು ಮಾಡುವವರಿಗೆ. ನೀವು ಸಾಕಿದ್ದು ಕುದುರೆಯನ್ನಲ್ಲ ಮಾರಾಯರೇ, ಕುದುರೆ ಸಾಕಿದವರನ್ನು.

ತೆರಿಗೆಯ ವಿಷಯ ಇಷ್ಟು ಉದ್ದ ಎಳೆದದ್ದಕ್ಕೆ ಕಾರಣವಿದೆ. ರೀಫಂಡ್ ಕೇಳುವ ತಲೆಯೂ, ಮುಂದಿನ ರೇಸಿನಲ್ಲಿ ಪಂತವನ್ನು ಎರಡು ಪಟ್ಟು ಮಾಡುವ ತಲೆಯೂ ಒಂದೇ. ಇವರ ಮನಸ್ಸಿನೊಳಗೆ ಒಂದು ಖಾತೆ ಪುಸ್ತಕ ತೆರೆದೇ ಇರುತ್ತದೆ, ಅದರಲ್ಲಿ ರೇಸ್ ಕೋರ್ಸು ಇವರಿಗೆ ಸಾಲಗಾರ. ಮೂರನೆಯ ರೇಸಿನಲ್ಲಿ ಹೋದ 2,000 ಇವರ ಪಾಲಿಗೆ ಖರ್ಚಲ್ಲ, ಬರಬೇಕಾದ ಬಾಕಿ. ನಾಲ್ಕನೆಯ ರೇಸಿನಲ್ಲಿ ಅದನ್ನು ವಸೂಲಿ ಮಾಡಬೇಕು. ನಾಲ್ಕನೆಯ ರೇಸಿನ ಕುದುರೆಗೆ ಈ ಬಾಕಿಯ ಸುದ್ದಿಯೇ ಗೊತ್ತಿಲ್ಲ. ನಿಮ್ಮ ಕೈಯಲ್ಲಿ ಉಳಿದ ಹಣ, ಆ ಕುದುರೆಗೆ ಸಿಗುತ್ತಿರುವ ಬೆಲೆ (ಗೆದ್ದರೆ ಕಟ್ಟಿದ ರೂಪಾಯಿಗೆ ಎಷ್ಟು ಬರುತ್ತದೆ ಎಂಬುದು), ಅದು ಗೆಲ್ಲುವ ಸಾಧ್ಯತೆ: ಪಂತ ಕಟ್ಟುವಾಗ ಈ ಮೂರನ್ನು ಬಿಟ್ಟು ನಾಲ್ಕನೆಯದು ತಲೆಗೆ ಬಂದರೆ, ಬಂದದ್ದು ಹಿಂದಿನ ಸೋಲು. ಅದಕ್ಕೆ ಅಲ್ಲಿ ಕೆಲಸವಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದ್ದರಿಂದ ಕಾಗದದ ಮೇಲೆ ಬರೆದು ತೋರಿಸುವುದು ನನ್ನ ಅಭ್ಯಾಸ. ಋತುವಿಗೆಂದು 20,000 ತೆಗೆದಿಟ್ಟಿದ್ದೀರಿ, ಮೊದಲ ಪಂತ 400. ಸೋತಿರಿ. "ಡಬಲ್ ಮಾಡಿದರೆ ಒಂದು ಗೆಲುವಿನಲ್ಲಿ ಎಲ್ಲ ವಾಪಸ್" ಎಂಬ ಸೂತ್ರದಂತೆ 800, ಮತ್ತೆ 1,600, ಆಮೇಲೆ 3,200, ಆಮೇಲೆ 6,400. ಐದು ಸೋಲಿಗೆ ಹೋದದ್ದು 12,400, ಉಳಿದದ್ದು 7,600. ಆರನೆಯ ಪಂತಕ್ಕೆ ಬೇಕಾದದ್ದು 12,800. ಸೂತ್ರವೂ ಅಲ್ಲಿಗೆ ನಿಂತಿತು, ಋತುವೂ ನಿಂತಿತು. ಎಲ್ಲಿಂದಲಾದರೂ ಆ 12,800 ತಂದು ಕಟ್ಟಿ, ಒಂದಕ್ಕೆ ಒಂದು ಬೆಲೆಯಲ್ಲಿ, ಅಂದರೆ ಕಟ್ಟಿದಷ್ಟೇ ಲಾಭ ಸಿಗುವಂತೆ, ಗೆದ್ದರೂ ಎಲ್ಲ ಕಳೆದು ಮಿಗುವ ಲಾಭ 400 ರೂಪಾಯಿ. ಅಷ್ಟಕ್ಕಾಗಿ 25,200 ರೂಪಾಯಿಯನ್ನು ಬೆಂಕಿಯ ಬಾಯಿಗೆ ಹಿಡಿದಂತಾಯಿತು. ತೆರಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

"ಐದು ಸಲ ಸಾಲಾಗಿ ಯಾರು ಸೋಲುತ್ತಾರೆ ಸಾರ್?" ಎಲ್ಲರೂ ಸೋಲುತ್ತಾರೆ. ನೀವು ಹಿಡಿಯುವ ಪ್ರತಿ ಕುದುರೆಗೂ ಗೆಲ್ಲುವ ಸಾಧ್ಯತೆ ಮೂರರಲ್ಲಿ ಒಂದು ಇದೆ ಎಂದೇ ಉದಾರವಾಗಿ ಒಪ್ಪೋಣ. ಆಗಲೂ ಯಾವುದೇ ಐದು ಪಂತಗಳು ಸಾಲಾಗಿ ಸೋಲುವ ಸಾಧ್ಯತೆ ಶೇ 13ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಸಲ. ಋತುವಿಡೀ ಆಡುವವರಿಗೆ ಇದು ಅಪರೂಪದ ದುರದೃಷ್ಟವಲ್ಲ.

ಅದೇ 20,000ದಲ್ಲಿ ಪ್ರತಿ ಪಂತಕ್ಕೂ ಉಳಿದ ಹಣದ ಶೇ 2 ಮಾತ್ರ ಕಟ್ಟುವವನು ಐದು ಸೋಲಿನ ನಂತರವೂ ಸುಮಾರು 18,000 ಹಿಡಿದುಕೊಂಡಿರುತ್ತಾನೆ, ಹತ್ತು ಸೋಲಿನ ನಂತರ 16,300ರಷ್ಟು. ಸೋತಷ್ಟೂ ಪಂತ ತಾನಾಗಿಯೇ ಸಣ್ಣದಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಇಲ್ಲವಾದರೆ "ಸಿಎ ಸಾಹೇಬರು ಗೆಲ್ಲುವ ಸೂತ್ರ ಕೊಟ್ಟರು" ಎಂದು ಕಿಂಗ್ಸ್ ಸರ್ಕಲ್‌ವರೆಗೆ ಸುದ್ದಿ ಹೋಗುತ್ತದೆ. ಈ ಶೇ 2ರ ಕ್ರಮ ಯಾರನ್ನೂ ಗೆಲ್ಲಿಸುವುದಿಲ್ಲ. ಮುಳುಗುವುದನ್ನು ನಿಧಾನ ಮಾಡುತ್ತದೆ, ಮನೆಯ ದುಡ್ಡಿಗೆ ಕೈ ಹಾಕುವ ಮೊದಲು ಯೋಚಿಸಲು ಸಮಯ ಕೊಡುತ್ತದೆ. ಅಷ್ಟೇ.

ಗೆಲ್ಲುವುದು ಏಕೆ ಕಷ್ಟ ಎನ್ನುವುದಕ್ಕೆ ದೊಡ್ಡ ಶಾಸ್ತ್ರ ಬೇಕಿಲ್ಲ. ರೇಸ್ ಕ್ಲಬ್ಬೇ ನಡೆಸುವ ಪಂತದ ಕೌಂಟರಾದ ಟೋಟ್‌ನಲ್ಲಿ ಎಲ್ಲರ ಹಣ ಒಂದೇ ರಾಶಿಗೆ ಬೀಳುತ್ತದೆ, ಕ್ಲಬ್ಬಿನ ಪಾಲನ್ನು ಮೊದಲೇ ತೆಗೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಮೇಲಿಂದ ಜಿಎಸ್‌ಟಿ: ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಅದು ಗೆಲುವಿನ ಮೇಲಲ್ಲ, ಕಟ್ಟಿದ ಹಣದ ಮೇಲೆ. ಸೋತವನೂ ತೆರುತ್ತಾನೆ. ಗೆದ್ದವನು ಆದಾಯ ತೆರಿಗೆಯನ್ನೂ ತೆರುತ್ತಾನೆ.

ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದ್ದನ್ನು ನನ್ನ ಕಕ್ಷಿದಾರರು ನನಗಿಂತ ಚೆನ್ನಾಗಿ ಬಲ್ಲರು. ಹೌದು, ಕುದುರೆಯ ವಂಶ, ತೂಕ, ಜಾಕಿ, ಓಟದ ದೂರ ಎಲ್ಲವನ್ನೂ ಅಳೆದು ನೋಡುವುದು ಕೌಶಲವೇ. ಆ ಕೌಶಲ ಇರುವವರನ್ನು ಕಂಡಿದ್ದೇನೆ. ಕುದುರೆಯ ಅಜ್ಜಿಯ ಹೆಸರು ಹೇಳಬಲ್ಲ ಅದೇ ಮನುಷ್ಯ ತಾನು ಕಳೆದ ಶನಿವಾರ ಎಷ್ಟು ಕಟ್ಟಿದೆ ಎಂದು ಕೇಳಿದರೆ ಸೀಲಿಂಗ್ ನೋಡುತ್ತಾನೆ.

ಕ್ರಿಕೆಟ್ ಪಂತದ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯಿದೆಯಡಿ ಅದು ಅಪರಾಧ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಬುಕ್ಕಿ ಕೊಡದಿದ್ದರೆ ಕೇಳಲು ನ್ಯಾಯಾಲಯವಿಲ್ಲ, ಏಕೆಂದರೆ 1872ರ ಕರಾರು ಕಾಯಿದೆಯ ಪ್ರಕಾರ ಪಂತದ ಒಪ್ಪಂದಕ್ಕೆ ಬೆಲೆಯೇ ಇಲ್ಲ. ನೀವು ಕೊಡದಿದ್ದರೆ ಬುಕ್ಕಿಗೆ ನ್ಯಾಯಾಲಯದ ಅಗತ್ಯವಿಲ್ಲ. ಇಲ್ಲಿ ನಾನು ಶಿಸ್ತಿನ ಪಾಠ ಮಾಡುವುದಿಲ್ಲ, ಬಿಡಿ ಎನ್ನುತ್ತೇನೆ. ಕ್ರಿಕೆಟ್ ಬುಕ್ಕಿಯ ಹತ್ತಿರ ಉದರಿ ನಡೆಯುತ್ತದೆ ಎನ್ನುವುದೇ ದೊಡ್ಡ ಅಪಾಯ. ರೇಸಿನ ಕೌಂಟರಿನಲ್ಲಿ ಜೇಬು ಖಾಲಿಯಾದರೆ ಆಟ ನಿಲ್ಲುತ್ತದೆ, ಉದರಿಯಲ್ಲಿ ಜೇಬಿಗೆ ತಳವೇ ಇಲ್ಲ.

ಉದರಿ ಎಂದಾಗ ನೆನಪಾಗುವವರು ಒಬ್ಬರಿದ್ದಾರೆ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಕುಂದಾಪುರದ ಕಡೆಯವರು, ಹುಡುಗನಾಗಿ ಬಂದು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮ್ಯಾನೇಜರಾದವರು. ಗಲ್ಲಾದ ಲೆಕ್ಕದಲ್ಲಿ ಇವರಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಕಂಡಿಲ್ಲ. ಸಂಜೆ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಬಿಲ್ಲುಗಳನ್ನೆಲ್ಲ ಮತ್ತೆ ಕೂಡಿಸುವವರು. ದಿನವೂ ಪಿಗ್ಮಿ ಕಟ್ಟುವವರು. ರೇಸಿನ ದಿನ ಮಾತ್ರ ಪಿಗ್ಮಿಯ ಹುಡುಗನಿಗೆ "ನಾಳೆ ಬಾ" ಎನ್ನತೊಡಗಿದರು. ಆಮೇಲೆ ಪಿಗ್ಮಿಯ ಮೇಲೆ ಸಾಲ. ಅದಾದ ಮೇಲೆ ಊರಿನಲ್ಲಿದ್ದ ತಮ್ಮನ ಹೆಸರು ಹೇಳಿ ಮಾಲೀಕರಿಂದ ಮುಂಗಡ. ನನ್ನೆದುರು ಕುಳಿತಾಗ ಅವರು ಹೇಳಿದ ಮಾತು: "ಡರ್ಬಿಯ ದಿನ ಒಂದು ಹೊಡೆತ ಹೊಡೆದರೆ ಎಲ್ಲ ಸರಿ ಮಾಡಿ ಬಿಟ್ಟೇ ಬಿಡುತ್ತೇನೆ ಸಾರ್." ಫೆಬ್ರವರಿಯ ಮೊದಲ ಭಾನುವಾರ ಮಹಾಲಕ್ಷ್ಮಿಯಲ್ಲಿ ನಡೆಯುವ ಡರ್ಬಿಗೆ ಹೀಗೆ ಎಷ್ಟು ಜನರ ಸಂಕಲ್ಪ ಕಾದಿರುತ್ತದೋ. ಆ ಡರ್ಬಿಯಲ್ಲಿ ಅವರು ಗೆದ್ದರು ಎನ್ನುವುದೇ ದುರಂತ. ಸಾಲದ ಮೂರನೆಯ ಒಂದು ಪಾಲು ತೀರಿತು, ಸೂತ್ರದ ಮೇಲಿನ ನಂಬಿಕೆ ಗಟ್ಟಿಯಾಯಿತು.

ಇಂಥವರಿಗೆ ಶೇ 2ರ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಸಾಲ ತಂದು ಆಡುವುದು, ಮನೆಯಲ್ಲಿ ಸುಳ್ಳು ಹೇಳುವುದು, ಬಿಡಲು ಕೂತರೆ ನಿದ್ದೆ ಬಾರದಿರುವುದು, ಇವು ಕಂಡರೆ ವಿಷಯ ಲೆಕ್ಕ ಪರಿಶೋಧಕನ ಮೇಜನ್ನು ದಾಟಿತು ಎಂದೇ ಅರ್ಥ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಜೇಬಿಗೆ ಹಾಕಿಕೊಳ್ಳಲು ನಾಚುತ್ತಾರೆ. ಆದ್ದರಿಂದ ಅವರ ಮೊಬೈಲಿನಲ್ಲಿ ನಾನೇ ಸೇವ್ ಮಾಡಿಕೊಡುತ್ತೇನೆ.

ಅಷ್ಟು ದೂರ ಹೋಗದವರಿಗೆ ನಾನು ಕೇಳುವುದು ಒಂದು ನೋಟ್‌ಬುಕ್. ತಾರೀಕು, ರೇಸು, ಕುದುರೆ, ಕಟ್ಟಿದ್ದು, ಬಂದದ್ದು. ಇದರ ಜೊತೆ ಇನ್ನೊಂದು ಕಲಂ: ಈ ಪಂತ ಮನೆಯಿಂದ ಹೊರಡುವ ಮೊದಲೇ ತೀರ್ಮಾನಿಸಿದ್ದೋ, ಅಲ್ಲಿ ಹೋದ ಮೇಲೆ ಹುಟ್ಟಿದ್ದೋ? ಕೊನೆಯ ಕಲಮನ್ನು ಪ್ರಾಮಾಣಿಕವಾಗಿ ತುಂಬಿದವರ ಪುಸ್ತಕಗಳಲ್ಲಿ ದೊಡ್ಡ ನಷ್ಟಗಳೆಲ್ಲ ಹೆಚ್ಚಾಗಿ "ಅಲ್ಲಿ ಹುಟ್ಟಿದ್ದು" ಎಂಬ ಸಾಲಿನಲ್ಲೇ ಕಂಡಿವೆ. ರೇಸಿನ ಹಣಕ್ಕೆ ಬೇರೆ ಉಳಿತಾಯ ಖಾತೆ ಇರಲಿ, ಅದಕ್ಕೆ ಯುಪಿಐ ಜೋಡಿಸಬೇಡಿ. ಮೈದಾನಕ್ಕೆ ಹೋಗುವಾಗ ನಗದು, ಎಟಿಎಂ ಕಾರ್ಡು ಮನೆಯಲ್ಲಿ. ಗೆದ್ದ ಹಣವನ್ನು ಅಂದೇ ಮತ್ತೆ ಕಟ್ಟಬೇಡಿ, ಅದರಲ್ಲಿ ಸರ್ಕಾರದ ಪಾಲು ಇನ್ನೂ ಬಾಕಿ ಇರಬಹುದು.

ಪುಣೆಯ ಕ್ಯಾಂಪಿನಲ್ಲಿ ನನ್ನೊಬ್ಬ ಹಿರಿಯ ಕಕ್ಷಿದಾರರಿದ್ದಾರೆ, ಧಾರವಾಡದವರು. ಪ್ರತಿ ಋತುವಿನಲ್ಲೂ ಸೋಲುತ್ತಾರೆ. ರೇಸಿಗೆ ಹೋಗುವಾಗ ಲಕೋಟೆಯಲ್ಲಿ ಗೊತ್ತುಪಡಿಸಿದ ಹಣ. ಅದು ಮುಗಿದರೆ ಸ್ಟ್ಯಾಂಡಿನಲ್ಲಿ ಕೂತು ಉಳಿದ ರೇಸುಗಳನ್ನು ಸುಮ್ಮನೆ ನೋಡಿ ಚಹಾ ಕುಡಿದು ಮನೆಗೆ ಬರುತ್ತಾರೆ. ನಷ್ಟಕ್ಕೆ ಬೇಸರವಿಲ್ಲವೇ ಎಂದು ಕೇಳಿದ್ದಕ್ಕೆ, "ಆಟ ನೋಡಲು ಟಿಕೆಟ್ ತೆಗೆದವನು ಬೆಳಗಿನ ಜಾವ ಭಾಗವತರ ಹತ್ತಿರ ಹೋಗಿ ದುಡ್ಡು ವಾಪಸ್ ಕೇಳುತ್ತಾನೇನ್ರೀ?" ಎಂದರು. ಅವರ ರಿಟರ್ನ್ ತಯಾರಿಸಲು ನನಗೆ ಕಾಲು ಗಂಟೆಯೂ ಬೇಡ.

ಇನ್ನು ಬಾಗಿಲ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ: "ಇದೆಲ್ಲ ಮನೆಯಲ್ಲಿ ಗೊತ್ತಾಗುವುದಿಲ್ಲವಲ್ಲ?" ಕಕ್ಷಿದಾರರ ಗುಟ್ಟನ್ನು ಕಾಯುವುದು ನನ್ನ ವೃತ್ತಿಧರ್ಮ, ನನ್ನಿಂದ ಹೊರಗೆ ಹೋಗುವುದಿಲ್ಲ. ಆದರೆ ತೆರಿಗೆ ಕಡಿತವಾದ ಪ್ರತಿ ಗೆಲುವೂ ಆದಾಯ ತೆರಿಗೆ ಪೋರ್ಟಲಿನ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುತ್ತದೆ, ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂಬುದರ ಸಮೇತ. ಕುಂದಾಪುರದ ಆ ಮ್ಯಾನೇಜರರ ಲಾಗಿನ್ ಅವರ ಹೆಂಡತಿಯ ಮೊಬೈಲಿಗೆ ಜೋಡಣೆಯಾಗಿತ್ತು. ಆ ಡರ್ಬಿಯ ಗೆಲುವನ್ನು ಆಕೆ ಕಂಡದ್ದು ಅಲ್ಲಿಯೇ. ಈಗ ಪಿಗ್ಮಿ ಕಟ್ಟುವವರು ಆಕೆ, ಮಾಲೀಕರ ಮುಂಗಡವನ್ನು ತಿಂಗಳು ತಿಂಗಳು ತೀರಿಸುತ್ತಿರುವವರೂ ಆಕೆಯೇ. ರಿಟರ್ನ್ ಸಲ್ಲಿಸುವಾಗ ಒಟಿಪಿ ಬೇಕಾದರೆ ನಾನು ಆ ಅಕ್ಕನಿಗೇ ಫೋನ್ ಮಾಡುತ್ತೇನೆ. ಒಟಿಪಿ ಹೇಳುವ ಮೊದಲು ಈ ವರ್ಷ ಪಟ್ಟಿಯಲ್ಲಿ ಏನೇನಿದೆ ಎಂದು ನನ್ನಿಂದ ಓದಿಸಿಕೊಳ್ಳುತ್ತಾರೆ.