ತ್ರಿಕೋನಕ್ಕೂ ಸಿಟ್ಟು ಬರುತ್ತದೆ

ಪುಣೆಯ ಕೋಥ್ರೂಡಿನ ನಮ್ಮ ಮನೆಗೆ ಧಾರವಾಡದಿಂದ ಬಂದಿದ್ದ ಅವ್ವನಿಗೆ, ಮಗಳು ತಾನು ಕಾಲೇಜಿಗೆಂದು ಮಾಡಿದ ನಾಲ್ಕು ನಿಮಿಷದ ಅನಿಮೇಷನ್ ತೋರಿಸಿದಳು. ಚಾರ್ಜ್ ಮುಗಿದು ಬಿದ್ದ ಗೆಳತಿಗೆ ಹಳೆಯ ರೋಬಾಟ್ ಒಂದು ತನ್ನ ಬ್ಯಾಟರಿ ಕಿತ್ತು ಕೊಡುವ ಕಥೆ. ಕೊಡುವ ಮುನ್ನ ಅದು ತುಸು ನಿಲ್ಲುತ್ತದೆ. “ಪಾಪ, ಎಷ್ಟ್ ಯೋಚನಿ ಮಾಡ್ತು ನೋಡ,” ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ‘ಯೋಚನೆ’ ಮಗಳ ಕಂಪ್ಯೂಟರಿನಲ್ಲಿ ಬರೀ 18 ಫ್ರೇಮು, ಅಂದರೆ ಒಂದರ ಹಿಂದೊಂದು ಓಡುವ 18 ಬಿಡಿಚಿತ್ರ. ಸೆಕೆಂಡಿಗೆ 24ರ ಲೆಕ್ಕದಲ್ಲಿ, ಏನೂ ನಡೆಯದ ಮುಕ್ಕಾಲು ಸೆಕೆಂಡು.

ನಮ್ಮ ಈ ಮರುಳು ಹೊಸದೇನಲ್ಲ. 1944ರಲ್ಲಿ ಮನೋವಿಜ್ಞಾನಿಗಳಾದ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಒಂದು ಪುಟ್ಟ ಚಲನಚಿತ್ರದ ಪ್ರಯೋಗವನ್ನು ಪ್ರಕಟಿಸಿದರು. ಪಾತ್ರವರ್ಗ ಇಷ್ಟೇ: ದೊಡ್ಡ ತ್ರಿಕೋನ, ಸಣ್ಣ ತ್ರಿಕೋನ, ಒಂದು ವೃತ್ತ. ನೋಡಿದ 34 ವಿದ್ಯಾರ್ಥಿನಿಯರಲ್ಲಿ ಒಬ್ಬಳು ಮಾತ್ರ ರೇಖಾಗಣಿತದ ಭಾಷೆಯಲ್ಲಿ ಉತ್ತರಿಸಿದಳು. ಉಳಿದವರಿಗೆ ಆಕೃತಿಗಳಲ್ಲಿ ಜೀವ ಕಂಡಿತ್ತು: ದೊಡ್ಡ ತ್ರಿಕೋನ ಜಗಳಗಂಟ, ವೃತ್ತ ಹೆದರಿದ ಹುಡುಗಿ. ಯಾರೂ ತಳ್ಳದೆ ವೇಗವನ್ನೂ ದಿಕ್ಕನ್ನೂ ಬದಲಿಸಿಕೊಂಡರೆ ಸಾಕು, ಒಂಟಿ ಚುಕ್ಕೆಯನ್ನೂ ಮೆದುಳು ಜೀವಿಗಳ ಸಾಲಿಗೆ ಸೇರಿಸಿಬಿಡುತ್ತದೆ. ಹಗ್ಗವನ್ನು ಹಾವೆಂದು ಬೆಚ್ಚಿದವನಿಗೆ ಅಷ್ಟೇನೂ ನಷ್ಟವಿಲ್ಲವಲ್ಲ!

1986ರ ‘ಲಕ್ಸೊ ಜೂನಿಯರ್’ ಎಂಬ ಕಂಪ್ಯೂಟರ್ ಅನಿಮೇಷನ್ ಕಿರುಚಿತ್ರದಲ್ಲಿ ಇರುವುದು ಎರಡು ಮೇಜುದೀಪ, ಎರಡು ಚೆಂಡು. ಕಣ್ಣಿಲ್ಲ, ಬಾಯಿಲ್ಲ. ಪ್ರದರ್ಶನದ ಬಳಿಕ ಗ್ರಾಫಿಕ್ಸ್ ತಜ್ಞ ಜಿಮ್ ಬ್ಲಿನ್ ಹತ್ತಿರ ಬಂದಾಗ, ನೆರಳು ಮೂಡಿಸಿದ ತಂತ್ರದ ಬಗ್ಗೆ ಕೇಳುತ್ತಾರೆಂದು ನಿರ್ದೇಶಕ ಜಾನ್ ಲ್ಯಾಸೆಟರ್ ಎಣಿಸಿದ್ದರು. ಬ್ಲಿನ್ ಕೇಳಿದ್ದು, ದೊಡ್ಡ ದೀಪ ಅಪ್ಪನೋ ಅಮ್ಮನೋ ಎಂದು.

2013ರಲ್ಲಿ ಜರ್ಮನಿಯ ಸಂಶೋಧಕರು 14 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಮನುಷ್ಯರನ್ನೂ ಆಟಿಕೆ ಡೈನೊಸಾರ್ ರೋಬಾಟನ್ನೂ ಮುದ್ದಿಸುವ, ಹಿಂಸಿಸುವ ವಿಡಿಯೊ ತೋರಿಸಿದರು. ಮುದ್ದಿಸುವಾಗ ಮೆದುಳು ಇಬ್ಬರಿಗೂ ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಮಿಡಿಯಿತು. ಹಿಂಸೆ ಕಂಡಾಗ ಮನುಷ್ಯರ ಕಡೆಗೇ ಮರುಕ ಹೆಚ್ಚು. ಕಿರುಚಿತ್ರದ ರೋಬಾಟುಗಳು ಪ್ರೀತಿಸಿಯೇ ನಮ್ಮನ್ನು ಗೆಲ್ಲುವುದು ಇದಕ್ಕೇ ಇರಬಹುದೆ ಎಂದು ನನ್ನ ಗುಮಾನಿ.

ರೋಬಾಟಿಗೆ ರಬ್ಬರ್ ಚರ್ಮ ಹೊದಿಸಿ, ಪಿಳಿಪಿಳಿ ಕಣ್ಣಿಟ್ಟು, ಅದು ಮನುಷ್ಯನನ್ನೇ ಹೋಲುವಂತೆ ಮಾಡಲು ಹೊರಟವರು ಹೆಚ್ಚಾಗಿ ನಮ್ಮನ್ನು ಹೆದರಿಸುತ್ತಾರೆ. ನಮ್ಮ ತೊಗಲುಗೊಂಬೆಯ ಸೀತೆ ಅಳುವಾಗ ಮುಖ ಕಿವುಚುವುದಿಲ್ಲ. ತುಸು ಬಾಗುತ್ತಾಳೆ, ಅಷ್ಟೇ.

ಮರುದಿನ ಮಗಳು ಆ 18 ಫ್ರೇಮು ತೆಗೆದು ತೋರಿಸಿದಳು. “ಈಗ ಮಷೀನ್ ಆತು,” ಅಂದಳು ಅವ್ವ. 48ಕ್ಕೆ ಹಿಗ್ಗಿಸಿದಾಗ ಪರದೆಯತ್ತ ಬಗ್ಗಿ ನೋಡಿ ಕೇಳಿದಳು: “ಕರೆಂಟ್ ಹೋತೇನ?”